ಉಸ್ತಾದರ ಎಡಗಾಲು

ಒಂದು ನಿಮಿಷ ತಡೆಯಿರಿ, ಈ ಪೋಸ್ಟನ್ನು ಬೆರಳಲ್ಲಿ ಮೇಲಕ್ಕೆ ತಳ್ಳಿಬಿಡಬೇಡಿ. ಮೊದಲು ಒಂದು ಕಿವಿ ತೋರಿಸುತ್ತೇನೆ, ಆಮೇಲೆ ಒಂದು ಕಾಲು. ಕಾಲಿನ ವಿಷಯ ಬರುವ ತನಕ ಕಾದರೆ ನಿಮ್ಮ ಮನೆಯವರಿಗೇ ಉಪಯೋಗಕ್ಕೆ ಬಂದೀತು.

ನಮಗೆ ಕುಸ್ತಿ ಕಲಿಸಿದ ಉಸ್ತಾದರ ಬಲಗಿವಿಗೆ ಕಿವಿಯ ಆಕಾರವೇ ಇರಲಿಲ್ಲ. ಹಿಡಿಯಲ್ಲಿ ಹಿಸುಕಿ ಅಂಟಿಸಿದ ಮುದ್ದೆಯ ಚೂರಿನ ಹಾಗೆ ತಲೆಗೆ ಮೆತ್ತಿಕೊಂಡಿತ್ತು. ಎದುರಾಳಿಗಳ ಮೊಣಕೈಗೆ ಸಿಕ್ಕಿ ಸಿಕ್ಕಿ ಹಾಗಾಗಿದ್ದು. ಹೊಳೆನರಸೀಪುರದಲ್ಲಿ ಬೆಳಿಗ್ಗೆಯೆಲ್ಲ ಗರಡಿ, ಹಗಲೆಲ್ಲ ತೆಂಗಿನಕಾಯಿ ಲಾರಿಗೆ ಲೋಡು ಮಾಡಿಸುವ ಮೇಸ್ತ್ರಿ ಕೆಲಸ. ಎರಡು ಕಡೆಯೂ ಅವರು ಬಾಯಿಗಿಂತ ಕೈಯಲ್ಲೇ ಜಾಸ್ತಿ ಮಾತಾಡುತ್ತಿದ್ದರು.

ಗರಡಿಗೆ ಹೋದ ಕೂಡಲೇ ಕತ್ತಿನ ಹಿಂದಕ್ಕೆ ಒಂದು ಬೀಳುತ್ತಿತ್ತು. "ಬಂದ್ಯಾ?" ಅಂತ. ಅದು ನಮಸ್ಕಾರ. ಹೊಡೆಯದೆ ಸುಮ್ಮನಿದ್ದರೆ ಮಾತ್ರ ನಾವು ಹೆದರಬೇಕಿತ್ತು. ಕಟ್ಟಾಯದಿಂದ ಬರುತ್ತಿದ್ದ ಚಂದ್ರ ಒಂದು ಸಲ ಕುಡಿದ ಬಾಯಲ್ಲಿ ಅಖಾಡಕ್ಕೆ ಇಳಿದ. ಉಸ್ತಾದರು ಅವನನ್ನು ತಲೆಯ ಮೇಲಕ್ಕೆತ್ತಿ ಕೆಮ್ಮಣ್ಣಿಗೆ ಕುಕ್ಕಿದರು. ಭುಜದ ಮೂಳೆ ಟಕ್ಕೆಂದಿದ್ದು ಆಚೆ ನಿಂತಿದ್ದ ನನಗೆ ಕೇಳಿಸಿತು. ಆಮೇಲೆ ಅವರೇ ಹೊತ್ತುಕೊಂಡು ಆಸ್ಪತ್ರೆಗೆ ಹೋದರು. ಪಟ್ಟಿ ಕಟ್ಟಿಸಿ, ಮಂಚದ ಪಕ್ಕ ಕೂತು ಇಡ್ಲಿ ಮುರಿದು ಬಾಯಿಗಿಡುತ್ತಾ, "ನುಂಗ್ಲಾ, ಮೂಳೆ ಕೂಡ್ಲಿ. ಕೂಡಿದ್ಮ್ಯಾಲೆ ಇನ್ನೊಂದ್ಸಲ ಮುರಿತೀನಿ," ಅಂದರು. ಚಂದ್ರ ಅಳುತ್ತಲೇ ನಕ್ಕ. ಅವತ್ತಿಂದ ಅವನು ಕುಡಿಯಲಿಲ್ಲ, ಅವರನ್ನು ಬಿಡಲೂ ಇಲ್ಲ.

ಈಗ ಕಾಲು. ಒಂದು ದಿನ ಚನ್ನರಾಯಪಟ್ಟಣದಲ್ಲಿ ಕಾಯಿ ಲೋಡು ಮಾಡಿಸುವಾಗ ಅವರ ಎಡಗಾಲು ತೊಡೆಯಿಂದ ಪಾದದವರೆಗೆ ಊದಿಕೊಂಡಿತು. ಬಲಗಾಲು ಮಾಮೂಲಿಯಾಗೇ ಇತ್ತು. ಹಾಸನದ ದೊಡ್ಡ ಆಸ್ಪತ್ರೆಯಲ್ಲಿ ನೋಡಿ, ಕಾಲಿನಿಂದ ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳ ಕಿಬ್ಬೊಟ್ಟೆಯ ಒಳಗೆ ಒತ್ತಿಹೋಗಿದೆ, ಅಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂದರು. ಹೆಪ್ಪು ತೆಗೆದು, ನಾಳ ಮತ್ತೆ ಒತ್ತಿಹೋಗದ ಹಾಗೆ ಅಲ್ಲೇ ಸ್ಟೆಂಟ್ ಹಾಕಿದರು. ನಾನು ಡಾಕ್ಟರಲ್ಲ, ಓದಿದ್ದು ಬಿಕಾಂ. ಆದರೆ ದೇಹದ ಒಳಗಿನ ವಿಷಯ ಅಂದರೆ ನನಗೆ ಹುಚ್ಚು, ಮೊಬೈಲಿನಲ್ಲಿ ಸಿಕ್ಕಿದ್ದನ್ನೆಲ್ಲ ಓದುತ್ತೇನೆ, ನೋಡುತ್ತೇನೆ. ನಾವೆಲ್ಲ ಕೇಳಿರುವ ಸ್ಟೆಂಟ್ ಹೃದಯದ್ದು, ಅದು ಚಿಕ್ಕದು. ಇದು ಹೆಬ್ಬೆರಳು ದಪ್ಪದ ಲೋಹದ ಬಲೆ. ಕಾಲಿನ ನಾಳದಲ್ಲಿ ರಕ್ತ ನಿಧಾನಕ್ಕೆ ಹರಿಯುತ್ತದೆ, ಹಾಗಾಗಿ ಆ ಬಲೆಯೊಳಗೇ ಮತ್ತೆ ಹೆಪ್ಪುಗಟ್ಟಬಹುದು. ಅದು ಅಪ್ಪಚ್ಚಿಯಾಗಬಹುದು, ಮುರಿಯಬಹುದು, ಅಪರೂಪಕ್ಕೆ ಜಾಗ ಬಿಟ್ಟು ಹೃದಯದ ಕಡೆಗೂ ಹೋಗಬಹುದು. ಅದಕ್ಕೇ ಡಾಕ್ಟರು ಬಿಡಿಸಿ ಬಿಡಿಸಿ ಹೇಳಿದ್ದರು: ರಕ್ತ ತೆಳು ಮಾಡುವ ಮಾತ್ರೆಯನ್ನು ಕೇಳದೆ ನಿಲ್ಲಿಸಬಾರದು, ಹೊಟ್ಟೆಯ ಕೆಳಗೆ ಏಟು ಬೀಳಬಾರದು, ಕಾಲು ಊದಿದರೆ ತಿಕ್ಕದೆ, ಒತ್ತದೆ ತಕ್ಷಣ ಬರಬೇಕು.

"ಒಡಿಸ್ಕಳಂಗಿಲ್ಲ, ಒತ್ತಿಸ್ಕಳಂಗಿಲ್ಲ. ನನ್ನ ಮದ್ಲಿಂಗನ್ ಮಾಡ್ಬುಟ್ರು ಕಣ್ಲಾ," ಅಂತ ನಕ್ಕರು ಉಸ್ತಾದರು.

ಮಾತ್ರೆ ಶುರುವಾದ ಮೇಲೆ ಮೈ ನೇರಳೆ ಹಣ್ಣು ಉದುರಿದ ನೆಲದ ಹಾಗಾಯಿತು. ಸುಮ್ಮನೆ ತೋಳು ಹಿಡಿದರೂ ಅಲ್ಲಿ ಕಪ್ಪಗಾಗುತ್ತಿತ್ತು. ಅಮ್ಮನವರು, ಅಂದರೆ ಅವರ ಹೆಂಡತಿ, ದಿನಾ ಅಂಗಿ ಬಿಚ್ಚಿಸಿ ನೋಡಿ ಬಯ್ಯುತ್ತಿದ್ದರು. "ಇವತ್ ಯಾವನ್ತಾವ ಒಡ್ದಾಡ್ದೆ ಏಳು."

"ಯಾರೂ ಇಲ್ಲ ಕಣಮ್ಮಿ. ಸೀಬೆ ಮರುಕ್ಕೆ ಒರಗ್ಕಂಡೆ."

ಹೀಗೇ ಒಂದು ವರ್ಷ ಕಳೆಯಿತು. ಕಾಲು ಚೆನ್ನಾಗಿತ್ತು. ಆಗ ಬಸ್ ಸ್ಟ್ಯಾಂಡ್ ಹೋಟೆಲಲ್ಲಿ ಅವರ ಹಳೇ ಎದುರಾಳಿ, ಅರಕಲಗೂಡಿನ ಪೈಲ್ವಾನ್, ಎಲ್ಲರ ಮುಂದೆ ಕೇಳಿದ: "ಏನ್ಲಾ, ಒಟ್ಟೆಗೆ ಸ್ಪ್ರಿಂಗ್ ಆಕಿಸ್ಕಂಡಿದ್ದೀಯಂತೆ? ಎಲ್ಲಿ, ಒಂದ್ಸಲ ಕುಣಿ ನೋಡಾಣ."

ಉಸ್ತಾದರು ಕಾಫಿ ಲೋಟ ಕೆಳಗಿಟ್ಟರು. "ಹಳ್ಳಿಮೈಸೂರಲ್ಲಿ ಕುಸ್ತಿ ಐತಲ್ಲ, ಅಲ್ಲಿ ಕುಣಿತೀನಿ. ನಿನ್ನ ಎದೆ ಮ್ಯಾಲೆ."

ಹೋಟೆಲಿಂದ ಬರುವ ದಾರಿಯುದ್ದಕ್ಕೂ ನಾನು ಕುಸ್ತಿ ಬೇಡ ಅಂತ ಬೇಡಿಕೊಂಡೆ. "ಮುಚ್ಲಾ ಮೊಬೈಲ್ ಡಾಕ್ಟ್ರೇ," ಅಂದರು, ಅಷ್ಟೇ. ನನಗೆ ಆಮೇಲೆ ಗೊತ್ತಾಯಿತು, ಅಖಾಡದಲ್ಲಿ ಮೂಗಿಂದ ರಕ್ತ ಬಂದರೆ ನಿಲ್ಲುವುದಿಲ್ಲ ಅಂತ ಕುಸ್ತಿಗೆ ಮುಂಚೆಯೇ ಮಾತ್ರೆ ನಿಲ್ಲಿಸಿಬಿಟ್ಟಿದ್ದರು.

ಆ ಕುಸ್ತಿಯನ್ನು ನೆನೆಸಿಕೊಂಡರೆ ಈಗಲೂ ಹಲ್ಲು ಕಚ್ಚುತ್ತೇನೆ. ಇಬ್ಬರದೂ ನರೆತ ಎದೆ. ಹಣೆಗೆ ಹಣೆ ಗುದ್ದಿದ ಸದ್ದು ತೆಂಗಿನಕಾಯಿ ಒಡೆದ ಹಾಗಿತ್ತು. ಅರಕಲಗೂಡಿನವನು ಅವರನ್ನು ಕೆಳಗೆ ಕೆಡವಿ, ಎರಡೂ ಕಾಲಲ್ಲಿ ಸೊಂಟ ಸುತ್ತಿ, ಹಿಮ್ಮಡಿಯನ್ನು ಎಡಗಿಬ್ಬೊಟ್ಟೆಗೆ ನಾಟಿ ಒತ್ತತೊಡಗಿದ. ಉಸ್ತಾದರ ಮುಖ ಮಣ್ಣಿಗಿಂತ ಕೆಂಪಾಯಿತು. ಕೊನೆಗೆ ಅವನ ಪಾದ ಹಿಡಿದು ತಿರುಚಿದರು. ಅವನು ಕೂಗಿಕೊಂಡ. ಮರುಕ್ಷಣ ಅವನ ಬೆನ್ನು ಮಣ್ಣಿನಲ್ಲಿತ್ತು, ಇವರ ಮಂಡಿ ಅವನ ಎದೆಯ ಮೇಲಿತ್ತು. ಜನ ಹುಚ್ಚೆದ್ದು ಕೇಕೆ ಹಾಕಿದರು.

ಮಾರನೇ ಬೆಳಿಗ್ಗೆ ಗರಡಿಗೆ ಹೋದಾಗ ಕತ್ತಿನ ಹಿಂದೆ ಏಟು ಬೀಳಲಿಲ್ಲ. ಉಸ್ತಾದರು ಚಾಪೆಯ ಮೇಲೆ ಮಲಗಿದ್ದರು. ಎಡಗಾಲು ಊದಿ, ಬದನೆಕಾಯಿ ಬಣ್ಣಕ್ಕೆ ತಿರುಗಿ, ಚರ್ಮ ಮಿರಮಿರ ಮಿನುಗುತ್ತಿತ್ತು. ಚಂದ್ರ ಎಣ್ಣೆ ಕಾಯಿಸಿ ತಂದಿದ್ದ. ನಮ್ಮ ಗರಡಿಯಲ್ಲಿ ಕೈಕಾಲು ಹಿಡಿದುಕೊಂಡರೆ ಇದೇ ಪದ್ಧತಿ: ಎಣ್ಣೆ ಹಚ್ಚಿ, ಸೂರಿಗೆ ಕಟ್ಟಿದ ಹಗ್ಗ ಹಿಡಿದು ನಿಂತು, ಶಿಷ್ಯ ಹಿಮ್ಮಡಿಯಲ್ಲಿ ಕೆಳಗಿಂದ ಮೇಲಕ್ಕೆ ತುಳಿಯಬೇಕು. ಅದರಿಂದ ಎಷ್ಟೋ ಜನ ಎದ್ದು ಓಡಾಡಿದ್ದೂ ಉಂಟು.

"ಬ್ಯಾಡಿ ಉಸ್ತಾದ್ರೇ," ಅಂದೆ. "ಸ್ಟೆಂಟ್ ಒಳಗೆ ರಕ್ತ ಕಟ್ಕೊಂಡಿದೆ. ಹಾಸನಕ್ಕೆ ಹೋಗಣ."

"ಕಟ್ಕಂಡೈತೆ ಅಂತ್ಲೇ ಕಣ್ಲಾ ತುಳಿಯಾದು. ತುಳುದ್ರೆ ಬುಟ್ಕತದೆ."

"ತುಳಿದ್ರೆ ಹೆಪ್ಪು ಕಿತ್ಕೊಂಡು ಮೇಲಕ್ಕೆ ಹೋಗ್ತದೆ. ಶ್ವಾಸಕೋಶಕ್ಕೆ."

ಚಂದ್ರ ಹಗ್ಗ ಬಿಟ್ಟು ಹಿಂದಕ್ಕೆ ಸರಿದ. ನಾನು ಕಾಲಿಗೂ ಅವನಿಗೂ ನಡುವೆ ಕೂತೆ. ಉಸ್ತಾದರು ಮಲಗಿದ್ದಲ್ಲಿಂದಲೇ ಕೈ ಬೀಸಿದರು. ನಾನು ಗೋಡೆಗೆ ಹೋಗಿ ಬಿದ್ದೆ, ಕಿವಿಯಲ್ಲಿ ಗುಂಯ್ ಅಂತ ಒಂದೇ ಸಮ. ಆ ಗುಂಯ್‌ನೊಳಗೇ ಅವರ ದನಿ ಕೇಳಿಸಿತು: "ತುಳಿಲಾ ಚಂದ್ರ. ನಾನ್ ಏಳ್ತಾವ್ನಿ."

ಅವನು ತುಳಿದ. ನಾನು ಎದ್ದು ಅವನ ಸೊಂಟ ಹಿಡಿದು ಎಳೆಯುವಷ್ಟರಲ್ಲಿ ಉಸ್ತಾದರು ಎದೆ ಹಿಡಿದುಕೊಂಡು ಎದ್ದು ಕೂತಿದ್ದರು. ಬಾಯಿ ತೆರೆದಿತ್ತು, ಉಸಿರು ಒಳಗೆ ಹೋಗುತ್ತಿರಲಿಲ್ಲ.

ಚಂದ್ರನೇ ಅವರನ್ನು ಹೆಗಲಿಗೆ ಹಾಕಿಕೊಂಡು ವ್ಯಾನಿನವರೆಗೆ ಓಡಿದ. ಅವನು ಮುಂದೆ ಕೂತ, ನಾನು ಹಿಂದೆ ಅವರ ತಲೆ ಹಿಡಿದು ಕೂತೆ. ಹಾಸನ ಇನ್ನೂ ದೂರ ಇರುವಾಗ ನನ್ನ ಅಂಗಿ ಹಿಡಿದು ಹತ್ತಿರಕ್ಕೆ ಎಳೆದುಕೊಂಡರು. "ಅವುನ್ ಮ್ಯಾಲೆ... ಯಾರೂ ಕೈ ಮಾಡ್ಬಾರ್ದು ಅನ್ನು. ತುಳಿ ಅಂದೋನು ನಾನು." ನಾಲ್ಕು ಮಾತಿಗೆ ಎಷ್ಟೋ ಸಲ ಉಸಿರು ಎಳೆದರು. ಗರಡಿಯ ಹುಡುಗರನ್ನು ಬೆಳೆಸಿದ್ದೇ ಉಸ್ತಾದರು, ಆ ಹುಡುಗರು ಚಂದ್ರನನ್ನು ಏನು ಮಾಡುತ್ತಾರೆ ಅಂತ ಅವರಿಗೆ ಗೊತ್ತಿತ್ತು.

ಆಸ್ಪತ್ರೆಯಲ್ಲಿ ಬಹಳ ಪ್ರಯತ್ನಪಟ್ಟರು. ಉಳಿಯಲಿಲ್ಲ. ಸ್ಟೆಂಟ್ ಜಜ್ಜಿಹೋಗಿ ಅದರ ತುಂಬ ಹೆಪ್ಪುಗಟ್ಟಿದೆ, ಹೆಪ್ಪಿನ ದೊಡ್ಡ ಚೂರು ಶ್ವಾಸಕೋಶದ ನಾಳಕ್ಕೆ ಅಡ್ಡ ಕೂತಿದೆ ಅಂದರು.

ಸುದ್ದಿ ತಿಳಿದು ಗರಡಿಯೇ ಆಸ್ಪತ್ರೆ ಅಂಗಳಕ್ಕೆ ಬಂದು ಬಿತ್ತು. ತುಳಿದವನು ಇವನೇ ಅಂತ ಹುಡುಗರು ಚಂದ್ರನ ಕೂದಲು ಹಿಡಿದು ನೆಲಕ್ಕೆ ಕೆಡವಿ ಒದೆಯತೊಡಗಿದರು. ಅವನು ಕೈ ಅಡ್ಡ ಇಡಲಿಲ್ಲ. "ಉಸ್ತಾದ್ರು ಬೇಡ ಅಂದವ್ರೆ" ಅಂತ ನಾನು ಅರಚುತ್ತಾ ಅವನ ಮೇಲೆ ಬಿದ್ದುಕೊಂಡೆ. ಯಾರದೋ ಮಂಡಿ ತುಟಿಗೆ ತಗುಲಿತು. ಹಲ್ಲಿನ ಚೂರು ನಾಲಿಗೆಗೆ ಸಿಕ್ಕಿತು. ಆದರೂ ಬಾಯಿ ನಿಲ್ಲಿಸಲಿಲ್ಲ, ಅವರು ಹೇಳಿದ್ದನ್ನೇ ಹೇಳುತ್ತಾ ಹೋದೆ.

ಇದ್ದಕ್ಕಿದ್ದಂತೆ ಒದೆ ನಿಂತಿತು. ಒಳಗೆ ಉಸ್ತಾದರ ಪಕ್ಕದಲ್ಲಿದ್ದ ಅಮ್ಮನವರು ಹೊರಗೆ ಬಂದಿದ್ದರು. ಎಲ್ಲರನ್ನೂ ಸರಿಸಿಕೊಂಡು ಬಂದು ಚಂದ್ರನನ್ನು ಎಬ್ಬಿಸಿ ಕೂರಿಸಿದರು. ಅವನ ಕತ್ತಿನ ಹಿಂದಕ್ಕೆ ಒಂದು ಕೊಟ್ಟರು, ಥೇಟ್ ಉಸ್ತಾದರ ಹಾಗೆ.

"ಏಳ್ಲಾ," ಅಂದರು. "ಚಟ್ಟುದ್ ಮುಂದ್ಕೆ ನೀನೇ ಎಗುಲ್ ಕೊಡ್ಬೇಕು. ಒಳೀಕ್ ಬಾ."

ಈಗ ನಮ್ಮ ಗರಡಿಯ ಸೂರಿನಲ್ಲಿ ಆ ಹಗ್ಗ ಇಲ್ಲ. ಎಣ್ಣೆ ಮುಟ್ಟುವ ಮುಂಚೆ ಎರಡೂ ಕಾಲು ಜೋಡಿಸಿ ನೋಡುವುದು ಚಂದ್ರನ ಕೆಲಸ. ಒಂದು ದಪ್ಪ, ಒಂದು ಸಣ್ಣ ಕಂಡರೆ ಅವನೇ ಬೈಕಿನಲ್ಲಿ ಕೂರಿಸಿಕೊಂಡು ಹಾಸನಕ್ಕೆ ಹೋಗುತ್ತಾನೆ, ಬರಲ್ಲ ಅಂದವರ ರಟ್ಟೆ ತಿರುಚಿಯಾದರೂ ಸರಿ.

ನಿಮ್ಮವರಿಗೆ ಯಾರಿಗಾದರೂ ಕಾಲಿನ ನಾಳಕ್ಕೆ ಸ್ಟೆಂಟ್ ಹಾಕಿದ್ದರೆ, ಆಮೇಲೆ ಏನಾಯಿತು, ಒಳ್ಳೆಯದೋ ಕೆಟ್ಟದೋ, ಕೆಳಗೆ ಬರೆಯಿರಿ. ಗರಡಿಯಲ್ಲಿ ನಾನು ಒಂದೊಂದನ್ನೂ ಗಟ್ಟಿಯಾಗಿ ಓದುತ್ತೇನೆ. ಚಂದ್ರ ಎಲ್ಲರಿಗಿಂತ ಮುಂದೆ ಕೂತು ಕೇಳುತ್ತಾನೆ.