ಎಪ್ಪತ್ತೊಂಬತ್ತು ದಾಟದ ಅಜ್ಜ, ನಿದ್ದೆಗೆಟ್ಟ ನಕಲಕ್ಕ

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕಸ ಗುಡಿಸುವವರಿಗಿಂತ ಮೊದಲೇ ಬಂದು ಕೂತಿರುವ ಈ ಹೆಂಗಸಿಗೆ ಎಲ್ಲರೂ ಇಟ್ಟಿರುವ ಹೆಸರು ನಕಲಕ್ಕ. ಪರೀಕ್ಷೆಯಲ್ಲಿ ಹೊಡೆಯುವ ನಕಲಲ್ಲ ಸ್ವಾಮಿ! ಇಲ್ಲಿನ ಡೇಟಾಬೇಸಿನಲ್ಲಿರುವ ನಲವತ್ತೊಂದು ಸಾವಿರ ಜನರ ವಿವರದಲ್ಲಿ ಏನೇನು ಬದಲಾಗಿದೆಯೋ ಅದನ್ನು ಊರಾಚೆಯ ಶಾಖೆಯ ಡೇಟಾಬೇಸಿಗೆ ದಿನಾ ಬೆಳಿಗ್ಗೆ ಎಂಟರೊಳಗೆ ನಕಲಿಸುವುದು ಅವರ ಕೆಲಸ. ಹನ್ನೊಂದು ವರ್ಷವಾಯಿತು. ಸರಿಹೋದ ದಿನ ಯಾರೂ ಕ್ಯಾರೇ ಅನ್ನುವುದಿಲ್ಲ, ತಪ್ಪಿದ ದಿನ ಮೇಜಿನ ಮೇಲಿನ ಮೂರೂ ಫೋನು ಒಟ್ಟಿಗೆ ಬಡಿದುಕೊಳ್ಳುತ್ತವೆ.

ನಿನ್ನೆ ಹಾಗೇ ಬಡಿದುಕೊಂಡವು. ಎಂಬತ್ತು ದಾಟಿದವರಿಗೆ ಶಾಖೆಯಲ್ಲಿ ಸಾಲಿಲ್ಲ, ಕುರ್ಚಿಯುಂಟು. ಅಲ್ಲಿನ ಅಜ್ಜನೊಬ್ಬರ ಚೀಟಿಯಲ್ಲಿ ಮಾತ್ರ ಮೂರು ವರ್ಷದಿಂದ ಎಪ್ಪತ್ತೊಂಬತ್ತೇ. "ನಾನೇನು ಕೆಟ್ಟು ನಿಂತ ಗಡಿಯಾರಾನಾ?" ಎಂದು ಕೂಗಾಡಿದವರು ಸಾಲಿನಲ್ಲೇ ಕುಸಿದರು. ಇವತ್ತು ಎಂಟಕ್ಕೆ ಮತ್ತೆ ಬರುತ್ತಾರೆ.

"ತಪ್ಪು ನಂದೇ" ಎನ್ನುತ್ತಾರೆ ನಕಲಕ್ಕ. ವಯಸ್ಸು ಯಾರೂ ಬರೆಯುವ ಕಾಲಂ ಅಲ್ಲ, ಹುಟ್ಟಿದ ದಿನದಿಂದ ಯಂತ್ರವೇ ಲೆಕ್ಕ ಹಾಕುವಂಥದ್ದು. ಶಾಖೆಗೆ ಹೊಸ ಡೇಟಾಬೇಸ್ ಬಂದಾಗ ಈ ಲೆಕ್ಕದ ಕಾಲಂ ಅಲ್ಲಿಗೆ ನಕಲಾಗಲು ಒಪ್ಪಲಿಲ್ಲ. ಇವರು ಬಿಡಬೇಕಲ್ಲ! ಅಲ್ಲಿ ಬರೀ ಅಂಕಿಯ ಕಾಲಂ ಮಾಡಿ, ಅಂದಿನ ವಯಸ್ಸುಗಳನ್ನು ಒಮ್ಮೆ ಸುರಿದರು.

"ದಿನಾ ಹೋಗೋದು ಯಾರಾದ್ರೂ ತಿದ್ದಿದ್ದು ಮಾತ್ರ. ವಯಸ್ಸನ್ನ ಯಾರು ತಿದ್ತಾರೆ ಹೇಳಿ? ಇಡೀ ಶಾಖೆಗೇ ಮೂರು ವರ್ಷ ವಯಸ್ಸಾಗ್ಲಿಲ್ಲ. ಒಬ್ರೂ ದೂರ್ಲಿಲ್ಲ ನೋಡಿ! ನಮ್ಮೆಜಮಾನ್ರು ಬೇರೆ, 'ನನ್ನನ್ನೂ ಆ ಶಾಖೆಗೆ ಸೇರ್ಸೇ' ಅಂತಾರೆ." ನಗುತ್ತಾರೆ, ತಕ್ಷಣ ಮುಖ ಸಣ್ಣದಾಗುತ್ತದೆ. "ಆ ಅಜ್ಜನ ಮೊಣಕಾಲಿಗೆ ಏನಾದ್ರೂ ಆಗಿದ್ರೆ ನಾನೇನು ಮಾಡ್ಲಿ?"

ಆ ಅಂಕಿಯ ಕಾಲಮನ್ನು ಈಗ ಕಿತ್ತೆಸೆದು, ಲೆಕ್ಕದ ಸೂತ್ರವನ್ನೇ ಶಾಖೆಯಲ್ಲಿ ಕೂರಿಸುತ್ತಿದ್ದಾರೆ. "ಹುಟ್ಟಿದ ದಿನ ಕಳಿಸಿದ್ರೆ ಸಾಕು. ವಯಸ್ಸು ಅಲ್ಲಲ್ಲೇ ಆಗ್ಬೇಕು." ಎರಡು ಸಲ ಯಂತ್ರ ಮುನಿಸಿಕೊಳ್ಳುತ್ತದೆ. ತಂದಿಟ್ಟ ಟೀ ಆರಿ ಕೆನೆಗಟ್ಟುತ್ತದೆ. ಏಳು ಐವತ್ತಕ್ಕೆ ಕೆಲಸ ಮುಗಿಯುತ್ತದೆ.

ಎಂಟೂ ಐದಕ್ಕೆ ಫೋನು. ಶಾಖೆಯಲ್ಲಿ ಚೀಟಿ ಕೊಡುವ ಹುಡುಗಿ. ಅವಳ ವಿವರವೂ ಅದೇ ಡೇಟಾಬೇಸಿನಲ್ಲಿದೆ.

"ಏನಕ್ಕಾ ಇದು! ನಿನ್ನೆ ಇಪ್ಪತ್ತೊಂಬತ್ತಿದ್ದೆ, ಇವತ್ತು ಮೂವತ್ತೆರಡಾ?"

"ಅದಿರ್ಲಿ ಕಣೇ, ಅಜ್ಜ ಬಂದ್ರಾ?"

"ಬಂದ್ರು. ಚೀಟೀಲಿ ಎಂಬತ್ತೆರಡು ಅಂತ ಬಂತು. ಕುರ್ಚಿ ಮೇಲೆ ಕೂತ್ಕೊಂಡು ಸಾಲಲ್ಲಿರೋರಿಗೆಲ್ಲ ಚೀಟಿ ತೋರಿಸ್ತಿದ್ದಾರೆ!"

ನಕಲಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಆರಿದ ಟೀಯನ್ನೇ ಗಟಗಟ ಕುಡಿಯುತ್ತಾರೆ. ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಲೋಟ ಕೆಳಗಿಡುತ್ತಾರೆ.

"ನಾಳೆ ಬೆಳಿಗ್ಗೆ ಎಲ್ರಿಗೂ ಸರಿಯಾಗಿ ಒಂದೇ ಒಂದು ದಿನ ವಯಸ್ಸು ಹೆಚ್ಚಾಗಿರ್ಲಿ. ನಂಗಷ್ಟು ಸಾಕು."