ಬಾಯಿ ಬರೆಯದ ಚಿತ್ರ

ದಾನಮ್ಮ ಅತ್ತೆ ಮಾತನಾಡುವವರ ಕಣ್ಣು ನೋಡುತ್ತಿರಲಿಲ್ಲ, ಕೆಳತುಟಿ ನೋಡುತ್ತಿದ್ದಳು. ಅಪ್ಪನ ತಂಗಿ ಅವಳು. ಗಂಡ ತೀರಿಕೊಂಡ ಮೇಲೆ ಬನಹಟ್ಟಿಯ ನಮ್ಮ ಮನೆಯಲ್ಲೇ ಇದ್ದು ಪವರ್‌ಲೂಮ್ ಶೆಡ್ಡಿಗೆ ಹೋಗುತ್ತಿದ್ದಳು. ಮಗ್ಗಗಳ ಸದ್ದಿನಲ್ಲಿ ಅಲ್ಲಿ ಯಾರ ಮಾತೂ ಯಾರಿಗೂ ಕೇಳಿಸದು. ಎಲ್ಲರೂ ತುಟಿ ಓದಿಯೇ ಹರಟುತ್ತಾರೆ. ಅತ್ತೆಯದು ಅದರಲ್ಲಿ ಎತ್ತಿದ ಕೈ. ಓಣಿಯ ಆಚೆ ಕಟ್ಟೆಯಲ್ಲಿ ಪಿಸುಗುಟ್ಟಿದವರಿಗೆ ಈಚೆಯಿಂದಲೇ ಉತ್ತರ ಹೋಗುತ್ತಿತ್ತು: “ನನ್ನ ಸೀರಿ ಬಣ್ಣ ಹೋದ್ರ ಹೋಗ್ಲಿ ಬೇ, ನಿನ್ನ ನಾಲಿಗಿ ಬಣ್ಣ ಗಟ್ಟಿ ಐತಿ ನೋಡು.”

ನಾನಾಗ ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ಪೂರ್ತಿ ಕಂಪ್ಯೂಟರಿನಲ್ಲೇ ಮಾಡಿದ, ಅಂಥವುಗಳಲ್ಲಿ ಮೊದಲನೆಯದೆಂದು ಹೆಸರಾದ ಒಂದು ಕಾರ್ಟೂನ್ ಚಿತ್ರದ ಮೇಲೆ ಪ್ರಬಂಧ ಓದಬೇಕಿತ್ತು. ರಜೆಗೆ ಊರಿಗೆ ಬರುವಾಗ ಹಿಂದಿ ಮಾತಿನ ಸಿಡಿ ತಂದು ಅತ್ತೆಯ ಜೊತೆ ನೋಡಲು ಕುಳಿತೆ. ಹಿಂದಿ ಸಿನಿಮಾ ಅವಳಿಗೆ ಹೊಸದಲ್ಲ. ನಟರ ಮುಖ ನೋಡಿಯೇ ಕಥೆ ಹಿಡಿಯುತ್ತಿದ್ದಳು. ಅಂದು ಮಾತ್ರ ಸ್ವಲ್ಪ ಹೊತ್ತಿಗೇ ಇವರೆಲ್ಲ ಏನನ್ನುತ್ತಿದ್ದಾರೆ ಎಂದು ಕೇಳಿದಳು. ಪರದೆಯಿಂದ ಕಣ್ಣು ತೆಗೆಯದೆ ಹೇಳಿದೆ. ಮತ್ತೆ ಅದನ್ನೇ ಕೇಳಿದಳು. ಜೋರಾಗಿ ಹೇಳಿದರೂ ನನ್ನತ್ತ ತಿರುಗಲಿಲ್ಲ. ನಾನು ರಿಮೋಟ್ ತೆಗೆದುಕೊಂಡು ಧ್ವನಿ ಪೂರ್ತಿ ಇಳಿಸಿದೆ. ಅವಳು ನೋಡುತ್ತಲೇ ಇದ್ದಳು.

ನನ್ನ ಮುಖ ಕಂಡಾಗ ಅವಳಿಗೆ ಗೊತ್ತಾಯಿತು.

“ಯಾರ ಮುಂದೂ ಅನಬ್ಯಾಡ. ಕಿವಿ ಹೋಗ್ಯಾವಂತ ತಿಳದ್ರ ನಿಮ್ಮಪ್ಪ ನನ್ನ ಮನ್ಯಾಗ ಕುಂಡ್ರಸ್ತಾನ. ಮಗ್ಗಕ್ಕ ಕಿವಿ ಬೇಕಾಗಿಲ್ಲ.”

ಒಪ್ಪಿಕೊಂಡೆ. ಮಾತು ಬದಲಿಸಲು, ಈ ಚಿತ್ರವನ್ನು ಲೋಕವೇ ಶ್ರೇಷ್ಠ ಎನ್ನುತ್ತದೆ ಎಂದೆ. “ಕಣ್ಣ ಛಲೋ ಬರದಾರ, ಬಾಯಿ ಬರದಿಲ್ಲ. ಮೀನಿನಂಗ ಬರೇ ತಗದು ಮುಚ್ಚತಾವ,” ಅಂದಳು. ಇದಕ್ಕೂ ಮೊದಲು ಯಾರೂ ಹೀಗೆ ಮಾಡಿರಲಿಲ್ಲ ಎಂದು ವಾದಿಸಿದೆ. “ಮೊದಲ ಮಾಡಿದ್ರಂತ ಶಾಬಾಸ್ ಅನ್ನು. ಛಲೋ ಐತಿ ಅಂತ ಯಾಕ ಅಂತಿ?”

ಆಮೇಲೆ ಚಿತ್ರವನ್ನು ಧ್ವನಿಯಿಲ್ಲದೆ ಮತ್ತೆ ನೋಡಿದೆ. ಬಾಯಿಗಳ ವಿಷಯದಲ್ಲಿ ಅವಳು ಹೇಳಿದ್ದು ಸರಿ. ಆದರೆ ಯಾರೂ ಮಾತನಾಡದ ದೃಶ್ಯಗಳು ಹಾಗೆಯೇ ನಿಂತವು; ಅವುಗಳಿಗಾಗಿ ಅದನ್ನು ಈಗಲೂ ದೊಡ್ಡದೆನ್ನುತ್ತೇನೆ. ಮೊದಲನೆಯದು ಎಂಬ ಕಾರಣಕ್ಕಲ್ಲ. ಪ್ರಬಂಧದಲ್ಲೂ ಹಾಗೆಯೇ ಬರೆದೆ, ಅತ್ತೆಯ ಮಾತು ಎತ್ತಲಿಲ್ಲ.

ಮುಂದಿನ ವರ್ಷ ಕಬ್ಬಿನ ಹಂಗಾಮಿನಲ್ಲಿ, ಶೆಡ್ಡಿಗೆ ಹೋಗುವ ದಾರಿಯಲ್ಲಿ, ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಹಿಂದಿನಿಂದ ಬಂದು ಅವಳ ಮೇಲೆ ಹರಿಯಿತು. ಹಾರ್ನ್ ಹೊಡೆಯುತ್ತಲೇ ಬಂದೆ, ಆಕೆ ಸರಿಯಲಿಲ್ಲ ಎಂದು ಚಾಲಕ ಅತ್ತನಂತೆ. ಸುಳ್ಳು ಬೊಗಳುತ್ತಾನೆಂದು ಜನ ಅವನನ್ನು ಬಾಯಲ್ಲಿ ರಕ್ತ ಬರುವಂತೆ ಹೊಡೆದು ಪೊಲೀಸರಿಗೆ ಕೊಟ್ಟಿದ್ದರು. ಧಾರವಾಡದಿಂದ ನಾನು ಬರುವಷ್ಟರಲ್ಲಿ ಅತ್ತೆಯನ್ನು ಮನೆಯ ಮುಂದೆ ಮಲಗಿಸಿದ್ದರು.

ಮಣ್ಣು ಮಾಡಿ ಬಂದ ಮೇಲೆ ಅಪ್ಪ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದ. “ಅಂವಾ ಹಾರ್ನ್ ಹೊಡದಿಲ್ಲರೀ. ಓಣಿ ಆ ತುದಿಗೆ ಪಿಸ್ ಅಂದ್ರ ಕೇಳತಿತ್ತು ನನ್ನ ತಂಗಿಗಿ.” ಎಲ್ಲರೂ ಹೌದೆಂದರು. ನಾನು ಚಹಾದ ಕಪ್ಪುಗಳನ್ನು ಒಳಗೊಯ್ದೆ.

ಮರುದಿನ ಬೆಳಿಗ್ಗೆ ಮನೆಯಲ್ಲಿ ಯಾರಿಗೂ ಹೇಳದೆ ಠಾಣೆಗೆ ಹೋದೆ. ನಮ್ಮ ಅತ್ತೆಗೆ ಕಿವಿ ಕೇಳುತ್ತಿರಲಿಲ್ಲ ಎಂದೆ. ಬರೆಯುತ್ತಿದ್ದ ಪೇದೆ ತಲೆ ಎತ್ತದೆ, “ಜೋರಾಗಿ ಹೇಳ್ರಿ,” ಎಂದ. ಇನ್ನೊಮ್ಮೆ ಹೇಳಿದೆ.