ಚುನಾವಣೆಗೆ ನಿಂತ ಕಪ್ತಾನರು

ಶುಕ್ರವಾರ ಬೆಳಿಗ್ಗೆ ದೋಹಾದ ಅಲ್ ಅಜೀಜಿಯಾ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಮೊದಲು ಕೇಳಿಸುವ ಸದ್ದು ಇಸ್ತ್ರಿಪೆಟ್ಟಿಗೆಯದು. ನನ್ನ ಗಂಡ ಸತೀಶ ವಾರದ ಬಟ್ಟೆಗಳನ್ನೆಲ್ಲ ಗುಡ್ಡೆಹಾಕಿಕೊಂಡು, ನನ್ನ ಕುರ್ತಾ, ಮಗಳ ಶಾಲೆಯ ಅಂಗಿ, ಕೊನೆಗೆ ದಿಂಬಿನ ಚೀಲವನ್ನೂ ಬಿಡದೆ, ಬೆರಳು ತಾಗಿದರೆ ಗಾಯವಾದೀತು ಎನ್ನುವಷ್ಟು ಚೂಪಾದ ಗೆರೆ ಮೂಡುವಂತೆ ಇಸ್ತ್ರಿ ಹಾಕುತ್ತಾನೆ. ಅವನು ನೌಕಾಪಡೆಯಲ್ಲಿ ಕಪ್ತಾನನಾಗಿದ್ದವನು. ನೌಕರಿ ಬಿಟ್ಟು ಈಗ ಇಲ್ಲಿನ ಬಂದರಿನ ಸುರಕ್ಷತಾ ವಿಭಾಗದಲ್ಲಿದ್ದಾನೆ. ಗೆಳೆಯರೇ, ದೋಹಾ ಎಂದರೆ ನಿಮಗೆ ಗಾಜಿನ ಗೋಪುರಗಳು ನೆನಪಾಗಬಹುದು. ನನಗೆ ಮಾತ್ರ ಅದು ಮದುವೆಯಾಗಿ ಎಷ್ಟೋ ಕಾಲದ ಮೇಲೆ ಗಂಡ ದಿನವೂ ಮನೆಗೆ ಊಟಕ್ಕೆ ಬರತೊಡಗಿದ ಊರು. ಅವನು ಹಡಗಿನಲ್ಲಿದ್ದಷ್ಟು ಕಾಲ ನಾನು ಮೈಸೂರಿನಲ್ಲಿ ಅಮ್ಮನ ಮನೆಯಲ್ಲಿದ್ದು ಮಗಳು ಅನ್ವಿತಾಳನ್ನು ಒಬ್ಬಳೇ ಬೆಳೆಸಿದೆ. ಕಡಲು ಅವನ ಪಾಲಿಗಿತ್ತು, ಕಾಯುವುದು ನನ್ನ ಪಾಲಿಗಿತ್ತು.

ನಾನು ಕೆಲಸ ಮಾಡುವುದು ವೆಸ್ಟ್ ಬೇಯಲ್ಲಿ, ವಸ್ತುಪ್ರದರ್ಶನಗಳನ್ನು ರೂಪಿಸುವ ಸಣ್ಣ ಸಂಸ್ಥೆಯೊಂದರಲ್ಲಿ. ಕಳೆದ ವರ್ಷ, ಈ ಕೊಲ್ಲಿಯಲ್ಲಿ ಹಿಂದೆ ಓಡಾಡಿದ ಹಾಯಿಹಡಗುಗಳ ಬಗ್ಗೆ ಒಂದು ಪ್ರದರ್ಶನ ಸಿದ್ಧವಾಗುತ್ತಿದ್ದಾಗ, ವಿಕ್ಟೋರಿಯಾ ರಾಣಿಯ ಕಾಲದ ಒಬ್ಬ ಇಂಗ್ಲಿಷ್ ನೌಕಾಧಿಕಾರಿಯ ಬದುಕನ್ನು ನಾಲ್ಕು ಪ್ಯಾರಾಗಳಲ್ಲಿ ಬರೆಯುವ ಕೆಲಸ ನನಗೆ ಬಂತು. ಯೌವನವನ್ನೆಲ್ಲ ಈ ಕೊಲ್ಲಿಯ ಬೆಚ್ಚನೆಯ ನೀರಿನ ಮೇಲೆ ಕಳೆದು, ಕಪ್ತಾನನಾಗಿ ಊರಿಗೆ ಮರಳಿ, ಚುನಾವಣೆಗೆ ನಿಂತು ಗೆದ್ದು ಸಂಸತ್ತು ಸೇರಿದವನು ಅವನು. ಅವನ ಭಾವಚಿತ್ರವನ್ನು ನಮಗೆ ಒದಗಿಸಿದವಳು ಅವನದೇ ವಂಶದ ಹೆಲೆನ್. ಇಲ್ಲಿ ಮಗನ ಮನೆಯಲ್ಲಿರುವ, ಸಂಗೀತ ಕಲಿಸಿ ನಿವೃತ್ತಳಾದ ಅಜ್ಜಿ.

"ಸಂಸತ್ತಿನಲ್ಲಿ ಒಳ್ಳೆಯ ಕೆಲಸ ಮಾಡಿದ," ಎಂದಳು ಹೆಲೆನ್, ಚಹಾ ಕುಡಿಯುತ್ತ. "ನಾವಿಕರ ಊಟ, ಅವರ ವಿಧವೆಯರ ಪಾಡು, ಇವಕ್ಕೆಲ್ಲ ಜಗಳವಾಡಿದ. ಆದರೆ ನಮ್ಮ ಮನೆಯಲ್ಲಿ ಅವನ ಭಾಷಣಗಳ ಬಗ್ಗೆ ಯಾರೂ ಮಾತಾಡುವುದಿಲ್ಲ. ಅವನು ಒಮ್ಮೆ ಲಂಡನ್ನಿನಿಂದ ಮನೆಗೆ ಬಂದಾಗ ಕಿರಿಯ ಮಗಳು ಎದ್ದು ನಿಂತು, 'ಅಮ್ಮ ಮಹಡಿಯ ಮೇಲಿದ್ದಾರೆ, ತಾವು ಕೂತಿರಿ ಸರ್' ಎಂದಳಂತೆ. ಅದನ್ನು ಮಾತ್ರ ತಲೆಮಾರಿನಿಂದ ತಲೆಮಾರಿಗೆ ಹೇಳುತ್ತೇವೆ. ಹೆಂಡತಿ ಕಾಯಿಲೆ ಬಿದ್ದಾಗ ಸದನ ನಡೆಯುತ್ತಿತ್ತು. ಅವನು ಬರುವಷ್ಟರಲ್ಲಿ ಅವಳು ಹೋಗಿಬಿಟ್ಟಿದ್ದಳು."

ನಾನು ನಕ್ಕು ಮಾತು ಬದಲಿಸಬೇಕೆಂದುಕೊಂಡೆ, ನಗು ಬರಲಿಲ್ಲ. ಏಕೆಂದರೆ ಅದಕ್ಕೆ ಎರಡು ದಿನ ಮೊದಲು ಊಟಕ್ಕೆ ಕುಳಿತಾಗ ಸತೀಶ, ಚಪಾತಿಯನ್ನು ಮುರಿಯುತ್ತಲೇ ಹೇಳಿದ್ದ: "ಊರಿಂದ ಫೋನ್ ಬಂದಿತ್ತು. ಈ ಸಲ ಚುನಾವಣೆಗೆ ನೀವೇ ನಿಲ್ಬೇಕು ಅಂತ ಪಕ್ಷದವರು ಹಟ ಹಿಡಿದಿದ್ದಾರೆ."

"ನನ್ನನ್ನ ಕೇಳ್ತಾ ಇದೀಯಾ, ಇಲ್ಲಾ ಹೇಳ್ತಾ ಇದೀಯಾ?"

ಅವನು ಪ್ರಾಮಾಣಿಕ. ಸ್ವಲ್ಪ ಯೋಚಿಸಿ, "ಹೇಳ್ತಾ ಇದೀನಿ ಅನ್ಸುತ್ತೆ," ಎಂದ.

ಅವನ ಊರು ಕರಾವಳಿಯಲ್ಲಿ, ನದಿಯೊಂದು ಸಮುದ್ರ ಸೇರುವ ಅಳಿವೆಯ ಪಕ್ಕದಲ್ಲಿದೆ. ಅಲ್ಲಿ ಮರಳು ತುಂಬಿ, ತಡೆಗೋಡೆ ಕುಸಿದು, ಮೀನಿಗೆ ಹೋದ ದೋಣಿಗಳು ಮನೆಯ ದೀಪ ಕಾಣುವಷ್ಟು ಹತ್ತಿರ ಬಂದು ಮಗುಚುತ್ತವೆ. ಸತೀಶನೊಡನೆ ಈಜು ಕಲಿತ ಗೆಳೆಯ ಲೋಕೇಶ ಹಾಗೆಯೇ ಹೋದ. ಆ ಸಾವಿಗೆ ಊರಿಗೆ ಹೋಗಿಬಂದ ಮೇಲೆ ಸತೀಶ ಊಟದ ನಡುವೆ ಕೈ ನಿಲ್ಲಿಸಿ ಎಲ್ಲೋ ನೋಡುವುದನ್ನು ಕಲಿತಿದ್ದ. ಅಧಿಕಾರದ ಆಸೆಯಿಂದ ಹೊರಟವನಾಗಿದ್ದರೆ ನಾನು ಜಗಳವಾಡಿ ತಡೆಯುತ್ತಿದ್ದೆ. ಸತ್ತ ಗೆಳೆಯನ ಜೊತೆ ಹೇಗೆ ಜಗಳವಾಡಲಿ?

ನಮ್ಮ ಭಾಷೆಯಲ್ಲಿ ಚುನಾವಣೆಗೆ 'ನಿಲ್ಲುತ್ತಾರೆ' ಎನ್ನುತ್ತೇವೆ. ನಿಂತವರು ಯಾರೂ ಆಮೇಲೆ ಮನೆಯಲ್ಲಿ ನಿಲ್ಲುವುದಿಲ್ಲ ಎನ್ನುವುದು ಮಾತ್ರ ಆ ಕ್ರಿಯಾಪದದೊಳಗೆ ಕೇಳಿಸುವುದಿಲ್ಲ. ಸಂಬಳವಿಲ್ಲದ ರಜೆ ಪಡೆದು ಸತೀಶ ಹೊರಟ. ರಜೆ ಮೀರಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಅವನ ವೀಸಾದ ಮೇಲಿರುವ ಅನ್ವಿತಾಳ ಶಾಲೆಯ ಗತಿಯೇನು ಎಂಬ ಪ್ರಶ್ನೆ ಸೂಟ್‌ಕೇಸಿನ ಜೊತೆಗೇ ಲಿಫ್ಟಿನಲ್ಲಿ ಇಳಿಯಿತು. ಅವನು ವಿಮಾನ ಹತ್ತಿದ, ಆ ಪ್ರಶ್ನೆ ನನ್ನೊಡನೆ ಮತ್ತೆ ಮೇಲೆ ಬಂತು.

ಆಮೇಲೆ ನಮ್ಮ ಬದುಕೆಲ್ಲ ಫೋನಿನ ಪರದೆಯ ಮೇಲೆ ನಡೆಯಿತು. ಹಾರ ಹಾಕಿಸಿಕೊಂಡ ಸತೀಶ, ತೆರೆದ ಜೀಪಿನ ಸತೀಶ, ಜೈಕಾರದ ನಡುವೆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದ ಸತೀಶ. ಒಂದು ವಿಡಿಯೋದಲ್ಲಿ ಯಾರೋ ಕೂಗಿದರು: "ದೋಹಾದ ಸಾಹೇಬ್ರೆ, ಎಸಿ ಇಲ್ಲದೆ ಎಷ್ಟು ದಿನ ಇರ್ತೀರಿ?" ಕಚೇರಿಯಲ್ಲಿ ನಾನು ಆ ಇನ್ನೊಬ್ಬ ಕಪ್ತಾನನ ಬಗ್ಗೆ ಬರೆಯುತ್ತಿದ್ದ ವಾಕ್ಯಗಳು ಮುಂದೆ ಸಾಗುತ್ತಿರಲಿಲ್ಲ. 'ಸಮುದ್ರದಿಂದ ಸಾರ್ವಜನಿಕ ಜೀವನಕ್ಕೆ' ಎಂದು ಟೈಪು ಮಾಡಿ, ಮನೆ ಎಂಬ ಪದವನ್ನು ಇವೆರಡರ ನಡುವೆ ಎಲ್ಲಿ ಸೇರಿಸಲಿ ಎಂದು ನೋಡುತ್ತಾ ಕೂರುತ್ತಿದ್ದೆ.

ಮತದಾನದ ದಿನ ಮಧ್ಯಾಹ್ನ ಒಂದು ತುಣುಕು ಬಂತು. ಮೀನುಗಾರಿಕಾ ಜೆಟ್ಟಿಯ ಹತ್ತಿರ ನೂಕುನುಗ್ಗಲು, ಕಿರುಚಾಟ, ಬಿಳಿ ಅಂಗಿಯೊಂದು ಜನರ ಕಾಲುಗಳ ನಡುವೆ ಕುಸಿದಂತೆ ಕಂಡಿತು, ಅಷ್ಟಕ್ಕೇ ವಿಡಿಯೋ ಮುಗಿಯಿತು. ಸತೀಶನ ಫೋನ್ ಸ್ವಿಚ್ ಆಫ್. ಊರಲ್ಲಿದ್ದ ಮೈದುನನದು ಎಂಗೇಜ್. ಬ್ಯಾಗೆತ್ತಿಕೊಂಡು ಮನೆಗೆ ಓಡಿಬಂದರೆ, ಶಾಲೆಯಿಂದ ಆಗಲೇ ಬಂದಿದ್ದ ಅನ್ವಿತಾ ಬೂಟು ಕೂಡ ಬಿಚ್ಚದೆ ಸೋಫಾದ ಅಂಚಿನಲ್ಲಿ ಕುಳಿತಿದ್ದಳು. ಅದೇ ತುಣುಕು ಅವಳ ಕೈಯಲ್ಲೂ ಇತ್ತು.

"ಅಮ್ಮಾ, ಪಪ್ಪ ಪಿಕ್ ಮಾಡ್ತಾ ಇಲ್ಲ. ಈಸ್ ದಟ್ ಹಿಸ್ ಶರ್ಟ್?"

"ಅಲ್ಲ ಕಣೇ," ಎಂದೆ. ನನಗೇನೂ ಗೊತ್ತಿರಲಿಲ್ಲ. ಹಡಗಿನ ದಿನಗಳಲ್ಲಿ ಸುದ್ದಿ ಬಾರದಿದ್ದರೆ ಅದು ಕಡಲಿನ ಮೌನ ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ದಡದ ಮೌನಕ್ಕೆ ಅಂಥ ಯಾವ ನೆಪವೂ ಇರಲಿಲ್ಲ.

ಕತ್ತಲಾಗುವ ಹೊತ್ತಿಗೆ ಯಾರದೋ ಫೋನಿನಿಂದ ಕರೆ ಬಂತು. ದನಿ ಒಡೆದಿತ್ತು, ಆದರೆ ಅವನದೇ. "ಫೋನ್ ಪುಡಿಯಾಯ್ತು. ಹುಬ್ಬಿನ ಹತ್ರ ಒಂದು ಹೊಲಿಗೆ ಹಾಕಿದ್ದಾರೆ, ಏನಾಗಿಲ್ಲ." ಅನ್ವಿತಾ ಫೋನ್ ಕಿತ್ತುಕೊಂಡು ಅವನನ್ನು ಬಾಯಿಗೆ ಬಂದಂತೆ ಇಂಗ್ಲಿಷಿನಲ್ಲಿ ಬೈದು, ಬೈಗುಳದ ನಡುವೆಯೇ ಅಳತೊಡಗಿದಳು.

ಸತೀಶ ಸೋತ. ಸೋತೆ ಎಂದು ಹೇಳಲು ಫೋನ್ ಮಾಡಿದಾಗ ನನ್ನ ಭುಜಗಳು ತಾವಾಗಿಯೇ ಸಡಿಲಾದವು. ಬರುತ್ತಾನೆ, ಮುಗಿಯಿತು ಎಂದುಕೊಂಡೆ. ಆದರೆ ಅವನು ಮಾತು ಮುಗಿಸಿರಲಿಲ್ಲ.

"ಲೋಕೇಶನ ಅಮ್ಮ ಬಂದಿದ್ರು. ಸೋತ್ರೂ ಅಳಿವೆ ಸರಿ ಮಾಡ್ಸೋ ಕೆಲ್ಸ ಬಿಡ್ಬೇಡ ಮಗಾ ಅಂದ್ರು. ಇಲ್ಲೇ ಇದ್ದು ಓಡಾಡಿದ್ರೆ ಆಗಬಹುದು ಅನ್ಸುತ್ತೆ. ಇರ್ಲಾ? ನೀನು ಬೇಡ ಅಂದ್ರೆ ನಾಳೆನೇ ಹೊರಡ್ತೀನಿ. ಈ ಸಲ ಕೇಳ್ತಾ ಇದೀನಿ."

ಇಷ್ಟು ವರ್ಷ ಯಾವ ಪ್ರಶ್ನೆಗಾಗಿ ಕಾದಿದ್ದೆನೋ ಅದು ಬಂದಾಗ ಎಷ್ಟು ಭಾರವಾಗಿತ್ತು, ನಿಮಗೆ ಹೇಗೆ ಹೇಳಲಿ! ಹೇಳಿ ಹೋಗುವವರ ಮೇಲೆ ಮುನಿಸಿಕೊಂಡು ಕೂರಬಹುದು. ಕೇಳಿದವರಿಗೆ ಉತ್ತರ ಕೊಡಬೇಕಾಗುತ್ತದೆ, ಆ ಉತ್ತರದ ಕೊನೆಯಲ್ಲಿ ಅಳಿವೆಯಿದೆ, ದೋಣಿಗಳಿವೆ, ಒಬ್ಬ ತಾಯಿಯಿದ್ದಾಳೆ. ಆ ಇಂಗ್ಲಿಷ್ ಕಪ್ತಾನನ ಹೆಂಡತಿಯನ್ನು ಯಾರಾದರೂ ಹೀಗೆ ಕೇಳಿದ್ದರೆ ಅವಳೂ ಬಹುಶಃ ಒಪ್ಪುತ್ತಿದ್ದಳು. ತಾನೂ ಜೊತೆಗೆ ಬರುತ್ತೇನೆ ಎನ್ನುತ್ತಿದ್ದಳೇನೋ.

"ಮೊದ್ಲು ಬಾ," ಎಂದೆ. "ಅನ್ವಿತಾ ಪರೀಕ್ಷೆ ಮುಗೀಲಿ. ಆಮೇಲೆ ಮೂವರೂ ಹೋಗೋಣ."

ಅವನು ಬಂದ, ಬಂದರಿನ ಕೆಲಸಕ್ಕೆ ರಾಜೀನಾಮೆಯ ಸೂಚನೆ ಕೊಟ್ಟ. ನಾನು ಅವನ ಊರಿಗೆ ಹತ್ತಿರವಾದ ಮಂಗಳೂರಿನ ಶಾಲೆಗಳನ್ನು ವಿಚಾರಿಸತೊಡಗಿದೆ. ನಿನ್ನೆ ಸಂಜೆ ಇಬ್ಬರೂ ಯಾವ ಸಾಮಾನು ಸಾಗಿಸಬೇಕು, ಯಾವುದನ್ನು ಮಾರಬೇಕು ಎಂದು ಮಾತಾಡುತ್ತಿದ್ದಾಗ ಅನ್ವಿತಾ ತನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತಳು.

"ಪಪ್ಪ ನಿನ್ನನ್ನ ಕೇಳಿದ್ರು, ಅಮ್ಮಾ. ನನ್ನನ್ನ ಯಾರು ಕೇಳಿದ್ರು?"

ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು. ಧಡಾರನೆ ಹಾಕಿದ್ದರೆ ಒಳ್ಳೆಯದಿತ್ತು. ನಾವಿಬ್ಬರೂ ಎದ್ದು ಹೋಗಿ ಬಾಗಿಲು ತಟ್ಟಿ, ಅವಳ ಹಾಸಿಗೆಯ ಅಂಚಿನಲ್ಲಿ ಕುಳಿತು ಕೇಳಿದೆವು, ನಿಜವಾಗಿಯೇ ಕೇಳಿದೆವು, ಬೇಡ ಎಂದರೆ ಏನು ಮಾಡುವುದೆಂದು ತಿಳಿಯದೆಯೇ. ಯೋಚನೆ ಮಾಡಿ ಹೇಳುತ್ತೇನೆ ಎಂದಿದ್ದಾಳೆ.